ನಲ್ಲಿ ತಿರುಗಿಸಿ ಕಾಲೇಜು ಆರಿಸಿದ್ದು

ಗಲಾಟೆ ಶುರುವಾದದ್ದು ಒಂದು ಫೋಟೋದಿಂದ. ಮಗಳು ತಾನು ಸೇರಬೇಕೆಂದಿದ್ದ ಆರ್ಕಿಟೆಕ್ಚರ್ ಕಾಲೇಜಿನ ಫೋಟೋವನ್ನು ಬೆಳಿಗ್ಗೆ ಎದ್ದ ಕೂಡಲೇ ಅಪ್ಪನ ಮುಂದೆ ಹಿಡಿದಳು. ಅದರಲ್ಲಿ ದೊಡ್ಡ ಗ್ರಂಥಾಲಯವಿತ್ತು, ಮರದ ನೆರಳಿತ್ತು, ನೆಲದ ಮೇಲೆ ಕೂತು ರಟ್ಟು ಕತ್ತರಿಸಿ ಪುಟ್ಟ ಪುಟ್ಟ ಮನೆ ಮಾಡುತ್ತಿದ್ದ ಹುಡುಗ ಹುಡುಗಿಯರಿದ್ದರು. ಅಪ್ಪ ಇದ್ಯಾವುದನ್ನೂ ನೋಡಲಿಲ್ಲ. ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿ ಹಿಗ್ಗಿಸಿ, ಮೂಲೆಯ ಗೋಡೆಗೆ ತಂದು ನಿಲ್ಲಿಸಿದ.

"ಇಲ್ನೋಡು. ಗೋಡೆ ಒದ್ದೆ."

"ಅಪ್ಪಾ, ಅದು ನೆರಳು."

"ನೆರಳು ಮೇಲಿಂದ ಕೆಳಗೆ ಇಳ್ಕೊಂಡು ಬರುತ್ತಾ? ಇದು ಸೋರ್ತಿರೋ ಗೋಡೆ. ನನಗೇ ಹೇಳ್ಕೊಡ್ತೀಯಾ?"

ಅವನಿಗೆ ಹೇಳಿಕೊಡುವ ಹಾಗೂ ಇರಲಿಲ್ಲ ಅನ್ನಿ. ಇಪ್ಪತ್ತಾರು ವರ್ಷದಿಂದ ಅವನು ಪ್ಲಂಬರ್. ಬೀದಿಯವರೆಲ್ಲ ಕರೆಯುತ್ತಿದ್ದದ್ದು ವಾಷರಣ್ಣ ಅಂತ. ಯಾರ ಮನೆಗೆ ಹೋದರೂ ನಲ್ಲಿ ಮುಟ್ಟುವ ಮೊದಲೇ "ವಾಷರ್ ಹೋಗಿದೆ" ಅನ್ನುತ್ತಿದ್ದ. ಹತ್ತರಲ್ಲಿ ಎಂಟು ಸಲ ವಾಷರೇ ಹೋಗಿರುತ್ತಿತ್ತು. ಉಳಿದೆರಡು ಸಲ ಗೋಡೆಯೊಳಗಿನ ಪೈಪು ಒಡೆದಿರುತ್ತಿತ್ತು. ಆಗ ಅವನ ಬಾಯಿಂದ ಬರುತ್ತಿದ್ದ ಮಾತೂ ಒಂದೇ: "ಈ ಮನೆ ಪ್ಲಾನು ಬರೆದವನ ಕೈ ಸೇದಿಹೋಗ!" ಕೈ ತೂರದ ಸಂದಿನಲ್ಲಿ ವಾಲ್ವು ಇಟ್ಟವರು, ಪೈಪಿಗೆ ಜಾಗ ಬಿಡದೆ ಬಚ್ಚಲು ಬರೆದವರು, ಟ್ಯಾಂಕಿಗೆ ಹತ್ತಲು ಮೆಟ್ಟಿಲೇ ಇಡದವರು, ಎಲ್ಲರ ವಂಶವೂ ಅವನಿಗೆ ಬಾಯಿಪಾಠ. ಊಟಕ್ಕೆ ಕೂತರೂ ಅದೇ ಪುರಾಣ ನಡೆಯುತ್ತಿತ್ತು.

ಇಂಥವನ ಒಬ್ಬಳೇ ಮಗಳು ನಾನು ಪ್ಲಾನು ಬರೆಯುವವಳೇ ಆಗುತ್ತೇನೆ ಅಂತ ಹಟ ಹಿಡಿದಾಗ ಅವನು ಎರಡು ದಿನ ಮಾತು ಬಿಟ್ಟಿದ್ದ. ಮೂರನೆಯ ದಿನ ಅವಳು, "ನೀನು ದಿನಾ ಬೈಯೋದು ಕೇಳಿ ಕೇಳಿಯೇ ನನಗೆ ಆಸೆ ಬಂದಿದ್ದು ಅಪ್ಪಾ. ನಾನು ಬರೆದರೆ ಪೈಪಿಗೆ ಜಾಗ ಬಿಟ್ಟೇ ಬರೀತೀನಿ," ಅಂದಳು. ವಾಷರಣ್ಣ ಅಲ್ಲೇ ಕರಗಿ ನೀರಾದ. ಅವತ್ತಿನಿಂದ ಬೀದಿಯಲ್ಲೆಲ್ಲ "ನನ್ನ ಮಗಳು ಆರ್ಕಿಟೆಕ್ಟು" ಅಂತ ಸಾರಿಕೊಂಡು ಬಂದ. ಇನ್ನೂ ಪ್ರವೇಶ ಪರೀಕ್ಷೆಯೇ ಆಗಿರಲಿಲ್ಲ.

ಪರೀಕ್ಷೆ ಆಯಿತು, ಒಳ್ಳೆಯ ರ‍್ಯಾಂಕೂ ಬಂತು. ಅವಳ ರ‍್ಯಾಂಕಿಗೆ ಎರಡು ಕಾಲೇಜುಗಳಲ್ಲಿ ಸೀಟು ಸಿಗುವಂತಿತ್ತು. ಒಂದು ಊರೊಳಗಿನ ಹಳೇ ಕಾಲೇಜು, ಬಸ್ಸಿನಲ್ಲಿ ಅರ್ಧ ಗಂಟೆ. ಇನ್ನೊಂದು ರೈಲಿನಲ್ಲಿ ಐದು ಗಂಟೆ ದೂರದ ಹೊಸ ಕಾಲೇಜು, ಅಲ್ಲಾದರೆ ಹಾಸ್ಟೆಲಿನಲ್ಲೇ ಇರಬೇಕು. ಇವತ್ತು ಸಂಜೆ ಐದರೊಳಗೆ ಕಂಪ್ಯೂಟರಿನಲ್ಲಿ ಎರಡರಲ್ಲಿ ಒಂದನ್ನು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡ ಕೂಡಲೇ ಅಪ್ಪನ ಫೋನಿಗೆ ಆರು ಅಂಕಿಯ ಓಟಿಪಿ ಬರುತ್ತದೆ. ಅದನ್ನು ಹಾಕಿದರೆ ಮುಗೀತು, ಆಮೇಲೆ ಬದಲಾಯಿಸುವ ಹಾಗಿಲ್ಲ. ಮಗಳ ಮನಸ್ಸು ಹಳೇ ಕಾಲೇಜಿನ ಮೇಲಿತ್ತು. ಅಪ್ಪನ ಕಣ್ಣು ಅದರ ಒದ್ದೆ ಗೋಡೆಯ ಮೇಲೆ ಬಿದ್ದದ್ದೇ ಈಗ ಬಂದ ಗ್ರಹಚಾರ.

ಗ್ರಹಚಾರ ಒಂಟಿಯಾಗಿ ಬರಲಿಲ್ಲ. ಮೇಲ್ಮನೆಯ ನಿವೃತ್ತ ಗುಮಾಸ್ತರು ವಾಷರಣ್ಣನ ಪೇಪರನ್ನು ವಾಷರಣ್ಣನಿಗಿಂತ ಮೊದಲು ಓದಲು ದಿನಾ ಬರುವವರು, ಇವತ್ತೂ ಬಂದರು. ಅವರ ಹಿಂದೆಯೇ ಭಾವಮೈದ ಬಂದ. ಅವನದು ಟೈಲ್ಸ್ ಅಂಗಡಿ.

"ಭಾವಾ, ಕಣ್ಣು ಮುಚ್ಕೊಂಡು ಹೊಸ ಕಾಲೇಜಿಗೆ ಹಾಕಿ," ಅಂದ ಭಾವಮೈದ. "ಅಲ್ಲಿನ ಟೈಲ್ಸ್ ಅಷ್ಟೂ ನಮ್ಮ ಅಂಗಡೀದೇ. ಆರು ವರ್ಷ ಆಯ್ತು, ಒಂದೂ ಎದ್ದಿಲ್ಲ."

ಗುಮಾಸ್ತರು ಎರಡು ಕಾಲೇಜುಗಳ ಮಾಹಿತಿ ಪುಸ್ತಕವನ್ನೂ ಎರಡು ಕೈಯಲ್ಲಿ ಹಿಡಿದು ತೂಗಿ ನೋಡಿದರು. "ಹೊಸಾದ್ದೇ ಭಾರ ಇದೆ. ಪುಸ್ತಕ ಇಷ್ಟು ದಪ್ಪ ಮಾಡಿದೋರು ಪಾಠ ತೆಳ್ಳಗೆ ಮಾಡ್ತಾರಾ?"

"ಅಷ್ಟು ದೂರ ಯಾಕ್ರೀ ಕಳಿಸ್ಬೇಕು, ಇಲ್ಲೇ ಕಾಲೇಜು ಇಟ್ಕೊಂಡು?" ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು.

"ಸೋರೋ ಕಟ್ಟಡದಲ್ಲಿ ಕೂತು ಸೋರದೇ ಇರೋ ಮನೆ ಕಟ್ಟೋದು ಹೇಗೆ ಕಲೀತಾಳೆ, ನೀನೇ ಹೇಳು!" ಅಂದ ವಾಷರಣ್ಣ. ತನ್ನ ಮಾತು ತನಗೇ ಇಷ್ಟವಾಗಿ ಅವನು ಇನ್ನೊಮ್ಮೆ ಹೇಳಿದ.

ಮಗಳಿಗೆ ಅಳು ಬರುವುದೊಂದು ಬಾಕಿ. "ಅಪ್ಪಾ, ನಾನು ಎರಡು ಸಲ ಹೋಗಿ ನೋಡಿ ಬಂದಿದ್ದೀನಿ. ಅಲ್ಲಿ ಎಲ್ಲಾನೂ ಕೈಯಾರೆ ಮಾಡಿಸ್ತಾರೆ. ಮೇಷ್ಟ್ರುಗಳು ಒಳ್ಳೆಯವರು."

"ನಾನೂ ಒಂದ್ಸಲ ನೋಡ್ಕೊಂಡು ಬರ್ತೀನಿ. ನಲ್ಲಿ ತಿರುಗಿಸಿದರೆ ನನಗೆ ಕಾಲೇಜು ಗೊತ್ತಾಗುತ್ತೆ. ನೀರು ಸರಿಯಾಗಿ ಬಂದರೆ ಹಳೇದು, ಇಲ್ಲಾಂದ್ರೆ ಹೊಸದು. ನ್ಯಾಯ ಅಂದ್ರೆ ನ್ಯಾಯ."

"ಐದರೊಳಗೆ ಬಂದ್ಬಿಡು. ಓಟಿಪಿ ನಿನ್ನ ಫೋನಿಗೇ ಬರೋದು. ಮತ್ತೆ ಅಲ್ಲಿ ಯಾರ ಜೊತೆನೂ ಜಗಳ ಆಡ್ಬೇಡ. ನಾನು ಐದು ವರ್ಷ ಓದ್ಬೇಕಾದ ಜಾಗ."

"ನಾನ್ಯಾಕೆ ಜಗಳ ಆಡ್ಲಿ?" ಅಂದ ವಾಷರಣ್ಣ. ಫೋನನ್ನು ದಿನದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ಸಾಮಾನಿನ ಚೀಲ ಹೆಗಲಿಗೇರಿಸಿದ. ಕಾಲೇಜು ನೋಡಲು ಹೋಗುವವನಿಗೆ ಪೈಪ್ ರೆಂಚು ಯಾಕೆ ಅಂತ ಅವನಿಗೂ ಹೊಳೆಯಲಿಲ್ಲ, ಬೇರೆಯವರಿಗೂ ಹೊಳೆಯಲಿಲ್ಲ. ಅವನು ಆ ಚೀಲವಿಲ್ಲದೆ ಹೊರಗೆ ಹೋದದ್ದನ್ನು ಯಾರೂ ನೋಡಿರಲಿಲ್ಲ.

ಕಾಲೇಜಿನ ಗೇಟಿನಲ್ಲಿ ವಾಚ್‌ಮನ್ ಅವನ ಚೀಲ ನೋಡಿದ, ಮುಖ ನೋಡಿದ, ಎದ್ದು ನಿಂತ.

"ಅಂತೂ ಬಂದ್ಯಲ್ಲಪ್ಪಾ ಪುಣ್ಯಾತ್ಮ! ಮೂರು ದಿನದಿಂದ ಫೋನ್ ಮಾಡ್ತಾ ಇದ್ದೀವಿ."

"ನಾನು ಕಾಲೇಜು ನೋಡೋಕೆ ಬಂದೋನು."

"ಬಾ ಬಾ, ನೋಡೋಕೆ ಬೇಕಾದಷ್ಟಿದೆ," ಅಂತ ವಾಚ್‌ಮನ್ ತೋಳು ಹಿಡಿದು ನಡೆಸಿಕೊಂಡೇ ಹೋದ. ಗ್ರಂಥಾಲಯದ ಪಕ್ಕದ ಬಚ್ಚಲಿನ ಮುಂದೆ ಪಾದ ಮುಳುಗುವಷ್ಟು ನೀರು ನಿಂತಿತ್ತು. ಮೇಲೆ ಒದ್ದೆ ಗೋಡೆ, ಬೆಳಿಗ್ಗೆ ಫೋಟೋದಲ್ಲಿ ನೋಡಿದ್ದೇ ಗೋಡೆ. ತಾನು ಹೇಳಿದ್ದೇ ನಿಜವಾಯಿತಲ್ಲ ಅಂತ ವಾಷರಣ್ಣನಿಗೆ ಖುಷಿಯಾಯಿತು. ಇಲ್ಲಿಂದಲೇ ತಿರುಗಿ ಮನೆಗೆ ಹೋಗಬಹುದಿತ್ತು. ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಸೋರುವ ನೀರಿಗೆ ಬೆನ್ನು ಹಾಕಿ ಹೋಗುವುದು ಅವನ ಜನ್ಮದಲ್ಲೇ ಇರಲಿಲ್ಲ.

"ವಾಷರ್ ಹೋಗಿದೆ," ಅಂದ. ಪ್ಯಾಂಟು ಮೊಣಕಾಲಿನ ತನಕ ಮಡಚಿದ.

ವಾಷರ್ ಸರಿಯಾಗಿಯೇ ಇತ್ತು. ನೀರು ಬರುತ್ತಿದ್ದದ್ದು ಗೋಡೆಯೊಳಗಿಂದ. ಮೊದಲು ನೀರು ನಿಲ್ಲಿಸೋಣ ಅಂತ ವಾಲ್ವು ಹುಡುಕಿದ. ಒಂದು ವಾಲ್ವು ಬೀರುವಿನ ಹಿಂದೆ ಸಿಕ್ಕಿತು. ತಿರುಗಿಸಿದರೆ ಮೇಲಿನ ಮಹಡಿಯಿಂದ ಯಾರೋ "ಮುಖಕ್ಕೆ ಸೋಪು ಹಚ್ಕೊಂಡಿದ್ದೀನಿ, ನೀರು ಬಿಡ್ರೀ!" ಅಂತ ಕೂಗಿದರು. ಇನ್ನೊಂದು ವಾಲ್ವು ಗೋಡೆಯ ಸಂದಿನಲ್ಲಿತ್ತು. ಅದಕ್ಕೆ ಕೈ ತೂರಿಸಿದ, ಮೊಣಕೈಗೆ ಬಂದು ಸಿಕ್ಕಿಕೊಂಡಿತು. ಆ ಹೊತ್ತಿಗೇ ಫೋನು ಹೊಡೆದುಕೊಂಡಿತು. ಎಡಗೈಯಲ್ಲಿ ಪ್ಲಾಸ್ಟಿಕ್ ಚೀಲದ ಮೇಲಿಂದಲೇ ಒತ್ತಿದ.

"ಭಾವಾ, ಟೈಲ್ಸ್ ಹೇಗಿದೆ ಅಲ್ಲಿ?" ಭಾವಮೈದನ ದನಿ.

"ನೀರಿನ ಕೆಳಗಿದೆ, ಕಾಣ್ತಿಲ್ಲ. ಇಡಯ್ಯಾ ಫೋನು!"

ಇಟ್ಟ ಕೂಡಲೇ ಗುಮಾಸ್ತರದು ಬಂತು. "ಅಲ್ಲ, ಮಾಹಿತಿ ಪುಸ್ತಕದಲ್ಲಿ ನಲವತ್ತನೇ ಪುಟ ನೋಡಿದಿರಾ?" ಅಂದರು. ನಲವತ್ತನೇ ಪುಟದಲ್ಲಿ ಏನಿತ್ತೋ ವಾಷರಣ್ಣನಿಗೆ ಕೊನೆತನಕ ಗೊತ್ತಾಗಲಿಲ್ಲ.

ಕೈ ಬಿಡಿಸಿಕೊಂಡು ಹೊರಗೆ ಬಂದು, "ಗೋಡೆ ಒಡೀಬೇಕು," ಅಂದ. "ಒಡಿ," ಅಂದ ವಾಚ್‌ಮನ್, ಅವನ ಅಪ್ಪನ ಮನೆ ಗೋಡೆಯೇ ಅನ್ನುವ ಹಾಗೆ. ವಾಷರಣ್ಣ ಉಳಿ ಇಟ್ಟು ಸುತ್ತಿಗೆಯಿಂದ ನಾಲ್ಕು ಏಟು ಹಾಕಿದ. ಐದನೇ ಏಟಿಗೆ ಗೋಡೆಯಿಂದ ಹೆಬ್ಬೆರಳು ಗಾತ್ರದ ನೀರು ಚಿಮ್ಮಿ, ಬಚ್ಚಲಿನ ಬಾಗಿಲು ದಾಟಿ, ಎದುರಿನ ಹಜಾರಕ್ಕೆ ಹೋಯಿತು. ಹಜಾರದಲ್ಲಿ ಕೊನೇ ವರ್ಷದ ಹುಡುಗರು ಮೂರು ವಾರ ಕೂತು ಮಾಡಿದ ರಟ್ಟಿನ ಮಾದರಿಗಳಿದ್ದವು. ಇಪ್ಪತ್ತು ಮಹಡಿಯ ಒಂದು ಕಟ್ಟಡ ಮೊದಲು ವಾಲಿತು, ಆಮೇಲೆ ನಿಧಾನಕ್ಕೆ ಕೂತುಕೊಂಡಿತು. ಪಕ್ಕದಲ್ಲಿದ್ದ ಆಸ್ಪತ್ರೆ, ಬಸ್ ನಿಲ್ದಾಣ, ಎಲ್ಲ ಅಂಟು ಬಿಟ್ಟು ತೇಲಿದವು.

"ಅಯ್ಯೋ ನನ್ನ ಆಸ್ಪತ್ರೆ!" ಅಂತ ಒಬ್ಬಳು ಕಿರುಚಿದಳು. ಹುಡುಗರೆಲ್ಲ ಓಡಿ ಬಂದು ಬಚ್ಚಲಿನ ಬಾಗಿಲಿಗೆ ಮುತ್ತಿದರು. "ಯಾರ್ರೀ ನೀವು? ಏನ್ ಮಾಡಿದ್ರಿ ನೋಡಿ!"

ಒದ್ದೆಯಾಗಿ ನಡುಗುತ್ತಿದ್ದ ವಾಷರಣ್ಣನಿಗೆ ಸಿಟ್ಟು ನೆತ್ತಿಗೇರಿತು. "ನಾನೇನ್ ಮಾಡ್ದೆ? ಕೇಳ್ಬೇಕಾದ್ದು ಇದನ್ನ ಬರೆದವನನ್ನ! ಯಾವನು ಇದರ ಪ್ಲಾನು ಬರೆದದ್ದು? ವಾಲ್ವಿಗೆ ಕೈ ಹೋಗಲ್ಲ, ಪೈಪಿಗೆ ದಾರಿ ಇಲ್ಲ, ನೀರಿಗೆ ಇಳಿಜಾರಿಲ್ಲ! ಅವನ ಕೈ ಸೇದಿಹೋಗ! ಮನುಷ್ಯನಿಗೆ ಎರಡು ಕೈ ಇರುತ್ತೆ, ಅದರಲ್ಲಿ ಒಂದು ರೆಂಚು ಇರುತ್ತೆ ಅನ್ನೋ ಜ್ಞಾನ ಬೇಡ್ವಾ ಆ ಮುಠ್ಠಾಳನಿಗೆ?"

ಹುಡುಗರ ಗಲಾಟೆ ಇದ್ದಕ್ಕಿದ್ದ ಹಾಗೆ ನಿಂತಿತು. ಎಲ್ಲರೂ ಅವನ ಹಿಂದೆ ನೋಡುತ್ತಿದ್ದರು. ಅವನೂ ತಿರುಗಿದ. ಕನ್ನಡಕ ಹಾಕಿದ, ನರೆಗೂದಲಿನ ಒಬ್ಬರು ಮೇಡಂ ನೀರಿನಲ್ಲಿ ನಿಂತಿದ್ದರು.

"ನಾನೇ ಬರೆದಿದ್ದು," ಅಂದರು ಮೇಡಂ. "ಕೆಲಸಕ್ಕೆ ಸೇರಿದ ಮೊದಲನೇ ವರ್ಷ. ಈಗ ಇಲ್ಲಿ ಪ್ರಿನ್ಸಿಪಾಲು."

ವಾಷರಣ್ಣನಿಗೆ ಮಗಳ ಮಾತು ಆಗ ನೆನಪಾಯಿತು, ಜಗಳ ಆಡ್ಬೇಡ ಅಂದಿದ್ದಳು. ಬಂದು ಒಂದು ಗಂಟೆಯಲ್ಲಿ ಗೋಡೆ ಒಡೆದು, ಊರಿನಷ್ಟು ಕಟ್ಟಡ ಮುಳುಗಿಸಿ, ಪ್ರಿನ್ಸಿಪಾಲರ ಕೈಗೆ ಶಾಪ ಹಾಕಿಯಾಯಿತು. ನಾಳೆ ಇವಳು ಯಾರ ಮಗಳು ಅಂತ ಗೊತ್ತಾದರೆ? ಹೇಳದೆ ಜಾರಿಕೊಳ್ಳೋಣ ಅಂದರೆ ಗೋಡೆಯಿಂದ ನೀರು ಇನ್ನೂ ಬರುತ್ತಿತ್ತು, ಬಿಟ್ಟು ಹೋಗಲು ಮನಸ್ಸಿಲ್ಲ. ಬಾಯಿ ಮುಚ್ಚಿಕೊಂಡು, ಚಿಮ್ಮುವ ನೀರಿನಲ್ಲೇ ಪೈಪಿನ ತಿರುವಿನ ಒಡೆದ ಎಲ್ಬೋ ಬಿಚ್ಚಿ, ಚೀಲದಿಂದ ಹೊಸದು ತೆಗೆದು, ಟೇಪು ಸುತ್ತಿ ಬಿಗಿದ. ನೀರು ನಿಂತಿತು.

"ಕೈ ಹೋಗಲ್ಲ ಅಂದ್ರಲ್ಲ, ಎಷ್ಟು ಜಾಗ ಬೇಕಿತ್ತು?" ಮೇಡಂ ಕೇಳಿದರು.

ಬೈಯುತ್ತಾರೆ ಅಂದುಕೊಂಡವನಿಗೆ ಇದು ತಿಳಿಯಲಿಲ್ಲ. "ಯಾಕೆ ಮೇಡಂ?"

"ನನಗೆ ಗೊತ್ತಿಲ್ಲ, ಅದಕ್ಕೇ ಕೇಳ್ತಿದ್ದೀನಿ. ಇಷ್ಟು ವರ್ಷದಲ್ಲಿ ಯಾರೂ ಹೇಳಲಿಲ್ಲ."

ವಾಷರಣ್ಣನನ್ನು ಇಪ್ಪತ್ತಾರು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ರೆಂಚು ಕೆಳಗಿಟ್ಟು, "ನೀವೇ ಒಂದ್ಸಲ ಕೈ ಹಾಕಿ ನೋಡಿ," ಅಂದ. ಮೇಡಂ ತೋಳು ಮೇಲೆ ಮಾಡಿಕೊಂಡು ಸಂದಿಗೆ ಕೈ ಹಾಕಿದರು. ವಾಲ್ವು ಸಿಗಲಿಲ್ಲ. ಹುಡುಗರನ್ನೂ ಸಾಲಾಗಿ ನಿಲ್ಲಿಸಿ ಹಾಕಿಸಿದರು. ಮೂವತ್ತು ಜನರಲ್ಲಿ ಒಬ್ಬರ ಕೈಯೂ ಮುಟ್ಟಲಿಲ್ಲ. ಆಸ್ಪತ್ರೆ ಕಳೆದುಕೊಂಡ ಹುಡುಗಿಯಂತೂ ಕೈ ಹೊರಗೆ ತೆಗೆದು, "ಇದನ್ನ ಬರೆದವರ ಕೈ..." ಅಂತ ಶುರು ಮಾಡಿ ಮೇಡಂ ಮುಖ ನೋಡಿ ಸುಮ್ಮನಾದಳು.

ಆಮೇಲೆ ಅವನನ್ನು ತರಗತಿಗೇ ಕರೆದುಕೊಂಡು ಹೋದರು. ಯಾರೋ ಟವೆಲು ಕೊಟ್ಟರು, ಯಾರೋ ಟೀ ತಂದರು. ವಾಷರಣ್ಣ ಬೋರ್ಡಿನ ಮುಂದೆ ನಿಂತು ಮಾತಾಡಿದ. ಬಚ್ಚಲು ಯಾಕೆ ಒಂದರ ಮೇಲೊಂದು ಬರಬೇಕು, ಪೈಪು ಓಡುವ ಕಡೆ ಮನುಷ್ಯ ನಿಲ್ಲುವಷ್ಟು ಜಾಗ ಯಾಕೆ ಬೇಕು, ಚಂದಕ್ಕೆ ಅಂತ ಪೈಪನ್ನು ಗೋಡೆಯೊಳಗೆ ಹೂತರೆ ಆಮೇಲೆ ಯಾರು ಅಳುತ್ತಾರೆ, ಒಂದೊಂದನ್ನೂ ಹೇಳಿದ. ಒಂದು ಗಂಟೆ ಅಂದುಕೊಂಡದ್ದು ಎರಡೂವರೆ ಗಂಟೆ ಆಯಿತು. ಮುಂದಿನ ಬೆಂಚಿನವರು ಬರೆದುಕೊಂಡರು. ಹಿಂದಿನ ಬೆಂಚಿನವರು ಫೋನಿನಲ್ಲಿ ವಿಡಿಯೋ ಮಾಡಿಕೊಂಡರು. ಮನೆಯಲ್ಲಿ ಊಟದ ತಟ್ಟೆಯ ಮುಂದೆ ಹೇಳುತ್ತಿದ್ದ ಅದೇ ಪುರಾಣ. ವ್ಯತ್ಯಾಸ ಇಷ್ಟೇ, ಇಲ್ಲಿ ಕೊನೆಗೆ ಚಪ್ಪಾಳೆ ತಟ್ಟಿದರು.

"ನೀವು ವಾರಕ್ಕೊಂದು ದಿನ ಬರ್ತೀರಾ?" ಮೇಡಂ ಕೇಳಿದರು. "ಬುಧವಾರ ಮಧ್ಯಾಹ್ನ. ಐದೂ ವರ್ಷದವರಿಗೂ ನಿಮ್ಮ ಪಾಠ ಇಡ್ತೀನಿ."

"ಬರ್ತೀನಿ ಮೇಡಂ!" ಅಂದ ವಾಷರಣ್ಣ, ಅವರು ಮಾತು ಮುಗಿಸುವ ಮೊದಲೇ. "ನನ್ನ ಮಗಳೂ ಇಲ್ಲಿಗೇ ಸೇರ್ತಿದ್ದಾಳೆ. ಇವತ್ತೇ, ಇನ್ನೊಂದು ಗಂಟೇಲಿ!"

ಬಸ್ಸು ತಡವಾಯಿತು. ಕೊನೆಯ ಎರಡು ಸ್ಟಾಪು ಅವನು ಚೀಲ ಹೊತ್ತುಕೊಂಡು ಓಡಿದ. ಮನೆ ತಲುಪಿದಾಗ ನಾಲ್ಕು ಮುಕ್ಕಾಲು. ಮಗಳು ಕಂಪ್ಯೂಟರಿನ ಮುಂದೆ ಕೂತಿದ್ದಳು. ಅಮ್ಮ, ಭಾವಮೈದ, ಗುಮಾಸ್ತರು ಅವಳ ಸುತ್ತ ನಿಂತಿದ್ದರು.

"ಹಳೇ ಕಾಲೇಜೇ!" ಬಾಗಿಲಿನಿಂದಲೇ ಕೂಗಿದ. "ಕಣ್ಣು ಮುಚ್ಕೊಂಡು ಹಾಕು. ಅಂಥ ಕಾಲೇಜು ಇನ್ನೆಲ್ಲೂ ಇಲ್ಲ!"

"ಸೋರುತ್ತೆ ಅಂದ್ರಲ್ಲ ಭಾವಾ?"

"ಸೋರ್ತಿತ್ತು. ನಿಲ್ಲಿಸಿದೆ. ಪ್ಲಂಬರ್ ಮಾತನ್ನ ಕೂರಿಸಿ ಕೇಳ್ತಾರೆ ಕಣಯ್ಯಾ ಅಲ್ಲಿ. ಅದು ಕಾಲೇಜು ಅಂದ್ರೆ!"

ಮಗಳು ತಿರುಗಿದಳು. "ಗೊತ್ತಾಯ್ತು ಅಪ್ಪಾ. ಮೂರು ಗಂಟೆಗೇ ವಿಡಿಯೋ ಬಂತು. ಹೊಸದಾಗಿ ಸೇರೋರ ಗ್ರೂಪಿನಲ್ಲಿ ಎಲ್ಲರೂ ನೋಡಿದ್ದಾರೆ. ಪ್ಯಾಂಟು ಮಡಚಿಕೊಂಡು ಬೈತಾ ಇರೋದು."

"ಹೌದಾ? ಚೆನ್ನಾಗಿ ಬಂದಿದೆಯಾ?"

"ಚೆನ್ನಾಗೇ ಬಂದಿದೆ."

"ಅದೊಂದೇ ಅಲ್ಲ, ಇನ್ನೂ ಇದೆ ಕೇಳು," ಅಂತ ವಾಷರಣ್ಣ ಅವಳ ಪಕ್ಕದಲ್ಲೇ ಒದ್ದೆ ಪ್ಯಾಂಟಿನಲ್ಲಿ ಕೂತ. "ಬುಧವಾರ ಬುಧವಾರ ನಾನೇ ಪಾಠ. ಮೇಡಂ ಕೈ ಮುಗಿದು ಕರೆದರು." ಮೇಡಂ ಕೈ ಮುಗಿದಿರಲಿಲ್ಲ, ಆದರೆ ಓಡಿ ಬಂದ ದಾರಿಯಲ್ಲಿ ಅಷ್ಟು ಸೇರಿಕೊಂಡಿತ್ತು.

ಮಗಳು ಕೀಬೋರ್ಡಿನಿಂದ ಕೈ ತೆಗೆದಳು. "ಯಾವ ವರ್ಷದವರಿಗೆ?"

"ಐದೂ ವರ್ಷದವರಿಗೆ."

"ಹಾಜರಾತಿ ಇದೆಯಾ?"

"ಕಡ್ಡಾಯ!"

"ಅಂಕ?"

"ಇಪ್ಪತ್ತು ಅಂಕ ನನ್ನ ಕೈಲಿ! ನಿನಗೆ ಇಪ್ಪತ್ತಕ್ಕೆ ಇಪ್ಪತ್ತು. ಇಲ್ಲ, ಹತ್ತೊಂಬತ್ತು ಕೊಡ್ತೀನಿ, ಯಾರೂ ಏನೂ ಅನ್ನಬಾರದು. ಮಧ್ಯಾಹ್ನ ಒಂದೇ ಡಬ್ಬಿ ತಗೊಂಡು ಹೋಗೋಣ, ಸಂಜೆ ಒಂದೇ ಬಸ್ಸಲ್ಲಿ ಬರೋಣ." ಹಾಜರಾತಿಯ ಮಾತನ್ನೂ ಅಂಕದ ಮಾತನ್ನೂ ಮೇಡಂ ಎತ್ತಿರಲಿಲ್ಲ.

ಗುಮಾಸ್ತರು ಗಡಿಯಾರ ನೋಡಿ, "ಹತ್ತೇ ನಿಮಿಷ," ಅಂದರು. ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ಏನೋ ಹೇಳಲು ಹೋಗಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮಗಳು ತಿರುಗಿ ಕೂತು ಏನೋ ಒತ್ತಿದಳು.

ಜೇಬಿನಲ್ಲಿ ಫೋನು ಟಿಂಗ್ ಅಂತು. ವಾಷರಣ್ಣ ಪ್ಲಾಸ್ಟಿಕ್ ಚೀಲ ಬಿಚ್ಚಿ ಮದುವೆ ಮಂತ್ರ ಹೇಳುವವರ ಹಾಗೆ ಗಟ್ಟಿಯಾಗಿ ಓದಿದ: "ಏಳು... ಮೂರು... ಮೂರು... ಸೊನ್ನೆ... ಎಂಟು... ಒಂದು!" ಮಗಳು ಒಂದೊಂದನ್ನೂ ಒತ್ತಿದಳು. ಪರದೆಯ ಮೇಲೆ ಹಸಿರು ಗುರುತು ಬಂತು. ಭಾವಮೈದ ಚಪ್ಪಾಳೆ ತಟ್ಟಿದ. ವಾಷರಣ್ಣನ ಖುಷಿ ಇನ್ನೂ ಮುಗಿದಿರಲಿಲ್ಲ, ಮೆಸೇಜು ಪೂರ್ತಿ ಓದುತ್ತೇನೆ ಅಂತ ಕಣ್ಣು ಕಿರಿದು ಮಾಡಿ ಮೇಲಿನ ಸಾಲಿನಿಂದ ಶುರು ಮಾಡಿದ. ಕಾಲೇಜಿನ ಹೆಸರು ಬಂದ ಕಡೆ ನಿಂತ. ಇನ್ನೊಂದು ಸಲ ಓದಿದ.

"ಇದೇನೇ ಇದು? ಇದು ರೈಲಿನ ಕಾಲೇಜಲ್ವಾ? ತಪ್ಪು ಒತ್ತಿದ್ದೀಯ!"

"ತಪ್ಪು ಒತ್ತಿಲ್ಲ."

"ತೆಗಿ, ತೆಗಿ ಬೇಗ! ಇನ್ನೂ ಐದು ಆಗಿಲ್ಲ!"

"ತೆಗೆಯೋಕೆ ಬರಲ್ಲ ಅಪ್ಪಾ. ಓಟಿಪಿ ನೀನೇ ಹೇಳಿದ್ದಲ್ವಾ?"

ಭಾವಮೈದ ಅಕ್ಕನ ಕಡೆ ನೋಡಿ, "ಟೈಲ್ಸ್ ಚೆನ್ನಾಗಿದೆ, ನಾನು ಅವಾಗಲೇ ಹೇಳಿದೆ," ಅಂದ. ಯಾರೂ ಅವನ ಮಾತು ಕೇಳಿಸಿಕೊಳ್ಳಲಿಲ್ಲ.

"ಅಲ್ಲಾ ಕಣೇ," ವಾಷರಣ್ಣನ ದನಿ ಇಳಿದುಹೋಯಿತು, "ನೀನಲ್ಲಿರ್ತೀಯ ಅಂತಲೇ ತಾನೇ ನಾನು ಒಪ್ಕೊಂಡಿದ್ದು!"

"ನೀನಲ್ಲಿರ್ತೀಯ ಅಂತಲೇ ತಾನೇ ನಾನು ಬೇಡ ಅಂದಿದ್ದು," ಅಂದಳು ಮಗಳು. ಆಮೇಲೆ ಅವನ ಒದ್ದೆ ತೋಳು ಹಿಡಿದುಕೊಂಡಳು. "ಎರಡೂ ಒಳ್ಳೇ ಕಾಲೇಜೇ ಅಪ್ಪಾ. ಹಳೇದು ಕೂದಲೆಳೆಯಷ್ಟು ಮೇಲಿತ್ತು. ಈಗ ಹೊಸದು ಒಬ್ಬ ಪ್ಲಂಬರಿನಷ್ಟು ಮೇಲಾಯ್ತು. ಅಲ್ಲಿದ್ರೆ ಐದು ವರ್ಷಾನೂ ನಾನು ವಾಷರ್ ಸರ್ ಮಗಳು. ನನಗೂ ಒಂದ್ಸಲ ನಾನೇ ಆಗಿ ನೋಡ್ಬೇಕು. ಹದಿನೆಂಟು ವರ್ಷ ಊಟಕ್ಕೆ ಕೂತಾಗೆಲ್ಲ ನಿನ್ನ ಪಾಠ ಕೇಳಿದ್ದೀನಿ, ನಾನು ಪಾಸು. ಉಳಿದೋರು ಕೇಳಲಿ ಬಿಡು."

ವಾಷರಣ್ಣ ಸಿಟ್ಟು ಮಾಡೋಣ ಅಂತ ಬಾಯಿ ತೆರೆದ. ಸಿಟ್ಟು ಬರಲಿಲ್ಲ. ಐದು ಗಂಟೆ ರೈಲು. ಬೆಳಿಗ್ಗೆ ಹೊಸ ಕಾಲೇಜೇ ಸರಿ ಅಂತ ಈ ಮನೆಯಲ್ಲಿ ಗಂಟಲು ಹರಿದುಕೊಂಡವನು ತಾನೇ, ಈಗ ಯಾರ ಮೇಲೆ ಕೂಗಾಡುವುದು? ಹೆಂಡತಿ ಅವನ ಕೈಗೆ ಒಣ ಟವೆಲು ಕೊಟ್ಟು ಒಳಗೆ ಹೋದಳು. ಅವಳ ಕಣ್ಣೂ ಒದ್ದೆಯಾಗಿತ್ತು.

ಸರಿಯಾಗಿ ಐದಕ್ಕೆ ಫೋನು ಬಂತು.

"ನಮಸ್ಕಾರ, ನಾನು ಪ್ರಿನ್ಸಿಪಾಲು. ಬುಧವಾರ ಎರಡು ಗಂಟೆ, ಮರೀಬೇಡಿ. ದೊಡ್ಡ ಹಾಲಿನಲ್ಲೇ ಇಟ್ಟಿದ್ದೀನಿ, ಇನ್ನೂರು ಹುಡುಗರು ಹೆಸರು ಕೊಟ್ಟಿದ್ದಾರೆ. ನಿಮ್ಮ ಮಗಳಿಗೆ ಮುಂದಿನ ಸಾಲಿನಲ್ಲಿ ಜಾಗ ಇಡಲಾ?"

ವಾಷರಣ್ಣ ಮಗಳ ಕಡೆ ನೋಡಿದ. ಅವಳು ಆಗಲೇ ಹಾಸ್ಟೆಲಿಗೆ ಬೇಕಾದ ಸಾಮಾನಿನ ಪಟ್ಟಿ ಬರೆಯಲು ಕೂತಿದ್ದಳು. ಮೊದಲು ಬಕೆಟ್ಟು ಅಂತ ಬರೆದಿದ್ದಳು.

"ಬೇಡ ಮೇಡಂ," ಅಂದ. "ಅವಳದು ಮುಗಿದಿದೆಯಂತೆ."